ಮಾದಪ್ಪನ ನೀರು, ಎಡಗೈ ಬ್ರೇಕು

ಸೈಕಲ್ ಅಂಗಡಿಯವನ ಕೈಗೆ ಗ್ರೀಸು ಮೆತ್ತಿಕೊಳ್ಳದ ದಿನ ಇದ್ದೀತು, ನಗುವಂಥದ್ದೊಂದು ನಡೆಯದ ದಿನ ಇಲ್ಲ. ಚಾಮರಾಜನಗರದಲ್ಲಿ ಅಂಗಡಿ ಇಟ್ಟಾಗಿನಿಂದ ದಿನಾ ಬೆಳಿಗ್ಗೆ ಮಾದಪ್ಪನ ಪಟಕ್ಕೆ ಊದಿನಕಡ್ಡಿ ಹಚ್ಚಿ, ಇವತ್ತು ಯಾರಿಗೂ ಪೆಟ್ಟಾಗದಂತೆ ನೋಡಿಕೊಳ್ಳಪ್ಪ ಎಂದು ಕೈ ಮುಗಿಯುತ್ತೇನೆ. ಅವನು ನೋಡಿಕೊಳ್ಳುತ್ತಾನೆ. ಮಾನ ಹೋಗದಂತೆ ನೋಡಿಕೋ ಎಂದು ನಾನು ಕೇಳಿಲ್ಲವಲ್ಲ, ಅದನ್ನು ನನಗೇ ಬಿಟ್ಟಿದ್ದಾನೆ.

ನನ್ನ ಅಂಗಡಿಗೆ ಒಂದು ಕಟ್ಟಳೆ. ಮುಂದಿನ ಚಕ್ರದ ಬ್ರೇಕಿನ ಹಿಡಿ ಬಲಗಡೆಯೇ ಇರಬೇಕು. ನಮ್ಮ ಕಡೆ ಎಲ್ಲರೂ ಹಾಗೇ ಹಾಕುತ್ತಾರೆ, ಆದರೆ ನನ್ನ ಕಾರಣವೇ ಬೇರೆ. ಸಮಯಕ್ಕೆ ಜೀವ ಉಳಿಸುವುದು ಮುಂದಿನ ಬ್ರೇಕು. ಅಂಥ ಕೆಲಸ ಆರತಿ ಎತ್ತುವ ಕೈಯಿಂದಲೇ ಆಗಬೇಕು.

೧. ಚೆಂಡುಹೂವು

ಗುಂಡ್ಲುಪೇಟೆಯಲ್ಲಿ ನನ್ನ ಬಾಮೈದನದೂ ಸೈಕಲ್ ಅಂಗಡಿ. ಅವನು ಫೋನಿನಲ್ಲಿ ಯಾವುದೋ ದೇಶದವರನ್ನು ನೋಡಿ ತನ್ನ ಸೈಕಲ್ಲಿಗೆ ಮುಂದಿನ ಬ್ರೇಕನ್ನು ಎಡಕ್ಕೆ ಹಾಕಿಕೊಂಡಿದ್ದ. ತಪ್ಪು ಕಣ್ಲಾ ಎಂದೆ. ಒಂದು ರೌಂಡು ಹೋಗಿಬಂದು ಮಾತಾಡಿ ಬಾವ ಎಂದ.

ಹೋದೆ. ಇಳಿಜಾರಿನಲ್ಲಿ ಚೆಂಡುಹೂವಿನ ಮೂಟೆ ಕಟ್ಟುವ ಜಾಗದ ಹತ್ತಿರ ಒಂದು ಕೋಳಿ ಅಡ್ಡ ಬಂತು. ಹಿಂದಿನ ಚಕ್ರ ನಿಲ್ಲಲಿ ಎಂದು ಅಭ್ಯಾಸಬಲದಿಂದ ಎಡಗೈ ಹಿಂಡಿದೆ. ಮುಂದಿನ ಚಕ್ರ ಗಕ್ಕನೆ ನಿಂತಿತು, ನಾನು ನಿಲ್ಲಲಿಲ್ಲ. ಹ್ಯಾಂಡಲ್ ದಾಟಿ ಹೋಗಿ ಹೂವಿನ ರಾಶಿಯೊಳಗೆ ಸೊಂಟದವರೆಗೂ ಹೂತುಹೋದೆ. ಮಾದಪ್ಪನ ದಯೆ, ಒಂದು ತರಚುಗಾಯವೂ ಇಲ್ಲ.

ಬಾಮೈದ ನಿಧಾನವಾಗಿ ಬಂದು ನನ್ನ ಕಿವಿಯೊಳಗಿನ ಎಸಳು ತೆಗೆಯುತ್ತಾ ಅಂದ: "ದೇವ್ರ ಮೇಲೆ ಹೂವು ಬೀಳೋದ್ನ ನೋಡಿದ್ದೆ ಬಾವ. ಭಕ್ತ ಹೂವಿನ ಮೇಲೆ ಬೀಳೋದ್ನ ಇವತ್ತೇ ನೋಡ್ದೆ."

೨. ಕುಂಕುಮದ ಬೊಟ್ಟು

ನನಗಾದದ್ದು ಇನ್ನೊಬ್ಬರಿಗೆ ಆಗಬಾರದು ಎಂದು, ಅಂದಿನಿಂದ ಅಂಗಡಿಯಿಂದ ಹೊರಡುವ ಪ್ರತಿ ಸೈಕಲ್ಲಿನ ಬಲಗಡೆ ಬ್ರೇಕಿಗೆ ಒಂದು ಕುಂಕುಮದ ಬೊಟ್ಟು ಇಟ್ಟು ಕಳಿಸತೊಡಗಿದೆ. ಮುಂದಿನದು ಯಾವುದು ಎಂದು ತಿಳಿಯಲಿ, ದೇವರ ನೆನಪೂ ಇರಲಿ.

ಬದನಗುಪ್ಪೆಯ ಕಾರ್ಖಾನೆಗೆ ಹೋಗುವ ಉಡಿಗಾಲ ಊರಿನವನೊಬ್ಬ, ಸೈಕಲ್ ಒಯ್ದ ಹದಿನೈದು ದಿನಕ್ಕೇ ಬಂದು, ಸೈಕಲ್ ಸರಿಯಾಗಿ ನಿಲ್ಲುವುದಿಲ್ಲ ಎಂದ. ನೋಡಿದೆ. ಹಿಂದಿನ ಬ್ರೇಕಿನ ರಬ್ಬರು ಪೂರ್ತಿ ಸವೆದಿದೆ, ಮುಂದಿನದು ಹೊಸದು ಹೊಸದಾಗಿಯೇ ಇದೆ. ಬಲಗೈದು ಹಿಡಿಯುವುದೇ ಇಲ್ಲವೇನಪ್ಪ ಎಂದು ಕೇಳಿದರೆ ಅವನಿಗೇ ಗಾಬರಿ. ಪೂಜೆ ಮಾಡಿ ಕೊಟ್ಟದ್ದನ್ನು ಕೊಳೆ ಕೈಯಲ್ಲಿ ಹಿಂಡುವುದು ಹೇಗೆ, ದಿನಾ ಹತ್ತುವಾಗ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ ಅಷ್ಟೇ ಎಂದ.

ಅವನ ಭಕ್ತಿಗೆ ನನ್ನ ಕಣ್ಣು ತುಂಬಿತು. ಭೇದ ಬೇಡ ಎಂದು ಎಡಗಡೆಗೂ ಒಂದು ಬೊಟ್ಟು ಇಟ್ಟೆ. ಅವನು ಎರಡನ್ನೂ ನೋಡಿದ, ನನ್ನನ್ನೂ ನೋಡಿದ.

"ಹಂಗಾರೆ ಇನ್ಮೇಲೆ ಕಾಲೇ ಗತಿಯಾ ಸಾಮಿ?"

೩. ಪೂಜಾರಪ್ಪನ ಕಷ್ಟ

ನಮ್ಮ ಬೀದಿಯ ತುದಿಯ ಮಾದಪ್ಪನ ಗುಡಿಗೆ ಪ್ರತಿ ಸೋಮವಾರ ಅಭಿಷೇಕದ ನೀರು ಊರಾಚೆಯ ಬಾವಿಯಿಂದಲೇ ಬರಬೇಕು. ಪೂಜಾರಪ್ಪನಿಗೆ ಮಂಡಿನೋವು, ನಡೆಯಲಾರರು, ಸೈಕಲ್ ತುಳಿಯಬಲ್ಲರು. ದೇವರ ನೀರನ್ನು ಎಡಗೈಯಲ್ಲಿ ಹಿಡಿಯುವಂತಿಲ್ಲ, ಸೊಂಟದಿಂದ ಕೆಳಗೆ ಇಳಿಸುವಂತಿಲ್ಲ, ಬೆನ್ನ ಹಿಂದೆ ಕ್ಯಾರಿಯರಿಗೆ ಕಟ್ಟುವಂತಿಲ್ಲ. ಹಾಗಾಗಿ ತಾಮ್ರದ ತಂಬಿಗೆ ಬಲಗೈಯಲ್ಲಿ ಹೆಗಲ ಮಟ್ಟಕ್ಕೆ, ಹ್ಯಾಂಡಲ್ಲು ಎಡಗೈಯಲ್ಲಿ.

ಗುಡಿಯ ಮುಂದಿನ ಇಳಿಜಾರಿನಲ್ಲೇ ತೊಂದರೆ. ಎಡಗೈಗೆ ಸಿಗುವುದು ಹಿಂದಿನ ಬ್ರೇಕು ಮಾತ್ರ. ಚಕ್ರ ಜಾರಿ, ಎರಡು ಸೋಮವಾರ ನೀರು ಚೆಲ್ಲಿತು. ಗುಡಿಯ ಯಜಮಾನರು ಖಡಾಖಂಡಿತವಾಗಿ ಹೇಳಿಬಿಟ್ಟರು: "ಇನ್ನೊಂದ್ಸಲ ಚೆಲ್ಲುದ್ರೆ ಬಾವಿ ಸಾವಾಸವೇ ಬ್ಯಾಡ. ನಲ್ಲಿ ನೀರೇ ಸಾಕು."

ಪೂಜಾರಪ್ಪ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಅವರ ತಾತ, ಅಪ್ಪ ಹೊತ್ತ ನೀರು ಅದು. "ನನ್ ಕಾಲದಲ್ಲಿ ನಿಂತೋಯ್ತದೆ ಕಣಪ್ಪ" ಅಂದರು. ಮುಂದಿನ ಬ್ರೇಕನ್ನು ಎಡಕ್ಕೆ ಹಾಕುವುದೊಂದೇ ದಾರಿ. ನನ್ನ ಕಟ್ಟಳೆ ಅಡ್ಡ ಬಂತು.

ಗುಡಿಗೆ ಹೋಗಿ ಹೂ ಕೇಳಿದೆ. ಎಡಕ್ಕೆ ಹಾಕಬಹುದಾದರೆ ಬಲಗಡೆ ಹೂವು ಕೊಡಪ್ಪ ಎಂದು ಬೇಡಿಕೊಂಡೆ. ತಟ್ಟನೆ ಮಾದಪ್ಪನ ಬಲಗಡೆಯಿಂದ ಒಂದು ಹೂವು ಉದುರಿತು. ಹಬ್ಬಕ್ಕೆ ಬಂದಿದ್ದ ಬಾಮೈದ ಪಕ್ಕದಲ್ಲೇ ನಿಂತಿದ್ದ.

"ನಾನು ಹೇಳುದ್ರೆ ಕೇಳ್ನಿಲ್ಲ. ದೇವ್ರ ಕೈಲಿ ಹೇಳಿಸ್ಬೇಕಾಯ್ತು ನೋಡಿ ಬಾವ."

೪. ಸೋಮವಾರ

ಪೂಜಾರಪ್ಪನ ಸೈಕಲ್ಲಿಗೆ ಮುಂದಿನ ಬ್ರೇಕನ್ನು ಎಡಕ್ಕೆ ಹಾಕಿಕೊಟ್ಟೆ. ವಾರವಿಡೀ ಅಂಗಡಿಯ ಮುಂದೆ ಅವರ ಅಭ್ಯಾಸ ನಡೆಯಿತು. ಚೆಂಡುಹೂವಿನ ರಾಶಿ ನನಗೆ ಕಲಿಸಿದ್ದನ್ನೇ ಅವರಿಗೆ ಕಲಿಸಿದೆ: ಹಿಂಡಬೇಡಿ, ಪೂಜೆಗೆ ಹೂವು ಹಿಡಿದಂಗೆ ಹಿಡೀರಿ.

ಸೋಮವಾರ ಬೆಳಿಗ್ಗೆ ಗುಡಿಯ ಮುಂದೆ ಬೀದಿಗೆ ಬೀದಿಯೇ ನೆರೆದಿತ್ತು. ಮೈಸೂರು ಪೇಟ ಸುತ್ತಿ, ಇಸ್ತ್ರಿ ಪಂಚೆ ಉಟ್ಟು ಯಜಮಾನರು ನಡುವೆ ನಿಂತಿದ್ದರು. ಪೂಜಾರಪ್ಪ ಇಳಿಜಾರಿಗೆ ಬಂದರು. ಅರ್ಧ ದಾರಿಯಲ್ಲಿ ಒಂದು ಮೇಕೆ ಅಡ್ಡ ನುಗ್ಗಿತು. ನಾನು ಕಣ್ಣು ಮುಚ್ಚಿಕೊಂಡು ಮಾದಪ್ಪನನ್ನು ನೆನೆದೆ. ಕಣ್ಣು ಬಿಟ್ಟರೆ ಮೇಕೆ ಬೇಲಿಯ ಆಚೆ, ಸೈಕಲ್ಲು ಯಜಮಾನರ ಪಾದಕ್ಕೆ ಒಂದು ಗೇಣು ದೂರದಲ್ಲಿ, ತಂಬಿಗೆ ಹೆಗಲ ಮಟ್ಟದಲ್ಲಿ. ಒಂದು ಹನಿ ಚೆಲ್ಲಿಲ್ಲ. "ಉಘೇ ಮಾದಪ್ಪ" ಎಂದು ಬೀದಿಯೇ ಕೂಗಿತು. ಕೂಗಿದವರಲ್ಲಿ ನನ್ನ ಬಾಮೈದನದೇ ದೊಡ್ಡ ದನಿ.

ಯಜಮಾನರಿಗೆ ನಂಬಿಕೆ ಬರಲಿಲ್ಲ. ತಂಬಿಗೆ ತುಂಬಿದೆಯೋ ಇಲ್ಲವೋ ನೋಡಬೇಕೆಂದು, ಆಸರೆಗೆ ಪೂಜಾರಪ್ಪನ ಬಲ ಮೊಣಕೈಯನ್ನೇ ಹಿಡಿದು ತುದಿಗಾಲಲ್ಲಿ ನಿಂತು ಇಣುಕಿದರು. ಮೊಣಕೈ ಬಾಗಿತು. ಮಾದಪ್ಪನಿಗೆ ಆಗಬೇಕಾದ ಅಭಿಷೇಕ ಪೇಟದಿಂದ ಪಂಚೆಯವರೆಗೆ ಯಜಮಾನರಿಗೇ ಆಯಿತು.

ಪೂಜಾರಪ್ಪ ಸೈಕಲ್ಲಿನಿಂದ ಇಳಿದು, ಬರಿದಾದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಹಳ ವಿನಯದಿಂದ ಕೇಳಿದರು: "ಇನ್ಮೇಲೆ ನಲ್ಲಿ ನೀರಾ, ಯಜಮಾನ್ರೆ?"

ಯಜಮಾನರು ಕೆಟ್ಟವರಲ್ಲ, ನ್ಯಾಯಸ್ಥರು. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿದ್ದಂತೆಯೇ, ಈ ಗುಡಿಗೆ ಬಾವಿ ನೀರೇ, ಇವರ ಕೈಯಿಂದಲೇ, ಚೆಲ್ಲಿದ್ದು ನನ್ನ ತಪ್ಪು, ಇವತ್ತಿನದನ್ನು ನಾನೇ ತರುತ್ತೇನೆ ಎಂದು ಎಲ್ಲರ ಮುಂದೆ ಹೇಳಿದರು. ಪಂಚೆ ಎತ್ತಿ ಕಟ್ಟಿದರು. ತಂಬಿಗೆಯನ್ನು ಬಲಗೈಗೆ ತೆಗೆದುಕೊಂಡು ಸೈಕಲ್ ಹತ್ತಿದರು. ಒಂದು ಸುತ್ತು ಪೆಡಲ್ ತುಳಿದು, ಕಾಲೂರಿ ನಿಂತು, ನನ್ನನ್ನು ಹತ್ತಿರ ಕರೆದು ಯಾರಿಗೂ ಕೇಳಿಸದಂತೆ ಪಿಸುಗುಟ್ಟಿದರು:

"ಮುಂದ್ಗಡೆ ಬ್ರೇಕು ಯಾವ್ ಕಡೆಗದೆಪ್ಪ?"