ನಮ್ಮ ಪಡಸಾಲೆಯ ರೇಡಿಯೋ ಸಂಗ್ರಹಾಲಯ

ಹಳೇ ರೇಡಿಯೋ ಸಾಕುವವನು ನಗೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಬಾಗಿಲು ತೆರೆದಿಟ್ಟರೆ ಸಾಕು, ಅದೇ ಒಳಗೆ ಬರುತ್ತದೆ. ನಾನು ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಎಪ್ಪತ್ತರ ದಶಕದಲ್ಲಿ ಎಲ್ಲರ ಕೈಗೂ ಟ್ರಾನ್ಸಿಸ್ಟರ್ ಬಂದು, ಟ್ರಂಕಿನಷ್ಟು ದೊಡ್ಡ ವಾಲ್ವ್ ರೇಡಿಯೋಗಳು ಅಟ್ಟ ಸೇರತೊಡಗಿದವು. ಬೆಳಗಾವಿಯ ಗಲ್ಲಿಗಳಿಂದ, ಹೆಂಡತಿಯ ತವರು ಖಾನಾಪುರದ ಸುತ್ತಲ ಹಳ್ಳಿಗಳಿಂದ ಅವನ್ನೆಲ್ಲ ಬೇಡಿ ತಂದೆ. ಕಟ್ಟಿಗೆಯ ಪೆಟ್ಟಿಗೆ ಒರೆಸಿದೆ, ತಂತಿ ಬದಲಿಸಿದೆ, ಹಾಡಿಸಿ ಪಡಸಾಲೆಯಲ್ಲಿ ಜೋಡಿಸಿದೆ. ನಮ್ಮ ಭಾಗದಲ್ಲಿ ಅಂಥ ಪಡಸಾಲೆ ಇನ್ನೊಂದು ಇದ್ದರೆ ತೋರಿಸಿ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ.

ನನ್ನಾಕೆಗೆ ಮಾತ್ರ ಆ ಪಡಸಾಲೆ ಹೊಲಿಗೆ ಕ್ಲಾಸಿಗೆ ಬೇಕಾಗಿತ್ತು.

"ನಿಮಗ ಇದು ಮ್ಯೂಜಿಯಂ, ನನಗ ಇದು ಗುಜರಿ" ಎಂದಳು ಒಂದು ದಿನ. "ದೀಪಾವಳಿ ತನಕ ನೋಡ್ತೀನ್ರಿ. ಮ್ಯೂಜಿಯಂ ಐತಿ ಅಂತ ತಿಳದು, ತಾನಾಗಿ ಒಬ್ಬರ ಬಂದು ನೋಡಿದ್ರ ಇರಲಿ. ಇಲ್ಲಾಂದ್ರ ಗುಜರಿಯವನ್ನ ಕರದು ತೂಕಕ್ಕ ಹಾಕ್ತೀನಿ."

ಖಾನಾಪುರದ ಹೆಣ್ಣುಮಗಳು ಒಂದು ಮಾತು ಆಡಿದಳೆಂದರೆ ಅದಕ್ಕೆ ಅಪೀಲಿಲ್ಲ. ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಮುಂದಿನವು ಆ ವರ್ಷದ ಪಜೀತಿಗಳು.

ಮೊದಲ ಗಿರಾಕಿ

ಜನ ಬರಲಿ ಎಂದು ಬಾಗಿಲಿಗೆ ಕನ್ನಡ, ಮರಾಠಿ ಎರಡರಲ್ಲೂ ಬೋರ್ಡು ಬರೆಸಿದೆ: "ರೇಡಿಯೋ ಸಂಗ್ರಹಾಲಯ. ಪ್ರವೇಶ ಪುಕ್ಕಟೆ." ಮರುದಿನವೇ ಹಿಂಡಲಗಾ ಕಡೆಯ ರೈತನೊಬ್ಬ ಕಿವಿಗೆ ಮಫ್ಲರ್ ಸುತ್ತಿಕೊಂಡು ಒಳಗೆ ಬಂದ. ಬೆಂಚಿನ ಮೇಲೆ ಕೈಕಟ್ಟಿ ಕೂತ. ನಾನು ಒಳಗಿದ್ದ ಹೆಂಡತಿಗೆ ಕೇಳಲಿ ಎಂದು ದೊಡ್ಡ ದನಿಯಲ್ಲೇ ಶುರು ಮಾಡಿದೆ. ಮೇಜಿನ ಮೇಲೆ ಒಂದು ರೇಡಿಯೋ ಬಿಚ್ಚಿಟ್ಟಿದ್ದೆ.

"ನೋಡ್ರಿ ಯಜಮಾನ್ರ, ಭಾಳ ವಯಸ್ಸಾಗೇತಿ. ಒಳಗ ಧೂಳ ಕುಂತು ದನಿ ಗೊಗ್ಗರ ಆಗೇತಿ."

"ನಂದೂ ಹಂಗ ಆಗೇತ್ರಿ ಡಾಕ್ಟರ" ಎಂದು ಆತ ಕೆಮ್ಮಿ ತೋರಿಸಿದ.

ಪಾಪ, ಓದಲು ಅಷ್ಟಕ್ಕಷ್ಟೇ. ಬೋರ್ಡಿನಲ್ಲಿ ‘ಆಲಯ’ ಎಂಬುದನ್ನಷ್ಟೇ ಓದಿ, ಮರಾಠಿಯಲ್ಲಿ ಆಸ್ಪತ್ರೆಗೆ ಅನ್ನುವ ರುಗ್ಣಾಲಯ ಎಂದು ತಿಳಿದಿದ್ದ. ಇದು ದವಾಖಾನೆಯಲ್ಲ, ನಾನು ಡಾಕ್ಟರನಲ್ಲ, ರಿಪೇರಿ ಆಗುತ್ತಿರುವುದು ಈ ರೇಡಿಯೋ ಎಂದು ವಿವರಿಸಿ ಹೇಳಿದೆ. ಆತ ಎಲ್ಲವನ್ನೂ ಶಾಂತವಾಗಿ ಕೇಳಿ, ಕಾಲು ಮೇಲೆ ತೆಗೆದುಕೊಂಡು ಚಕ್ಕಳಬಕ್ಕಳ ಹಾಕಿ ಕೂತ.

"ಇರಲಿ ಬಿಡ್ರಿ. ಮೊದ್ಲ ಅದರದ ಮುಗಸ್ರಿ. ನಂದೇನ್ ಅವಸರ ಇಲ್ಲ."

ಉದ್ಘಾಟನೆ

ರೋಗಿ ಲೆಕ್ಕಕ್ಕೆ ಬರುವುದಿಲ್ಲ ಎಂದಳು ಹೆಂಡತಿ. ಸರಿ, ಶಾಸ್ತ್ರೋಕ್ತವಾಗಿ ಉದ್ಘಾಟನೆ ಮಾಡಿಸಿಯೇ ಬಿಡೋಣ ಎಂದು ನಮ್ಮ ನಿವೃತ್ತ ಹೆಡ್‌ಮಾಸ್ತರರನ್ನು ಕರೆತಂದೆ. ಓಣಿಯವರೆಲ್ಲ ಸೇರಿದರು. ಹೆಡ್‌ಮಾಸ್ತರರು ಅತಿ ದೊಡ್ಡ ರೇಡಿಯೋದ ಕಿವಿ ಹಿಂಡಿದರು. ದನಿಯಿಲ್ಲ. ವಾಲ್ವ್ ರೇಡಿಯೋ ಅಂದರೆ ಹಾಗೆಯೇ, ಒಳಗಿನ ಗಾಜಿನ ವಾಲ್ವ್ ಕಾದು ಬಿಸಿಯಾಗುವ ತನಕ ಬಾಯಿ ಬಿಡುವುದಿಲ್ಲ. ಅವರಿಗೆ ಅಷ್ಟು ತಾಳ್ಮೆ ಎಲ್ಲಿಯದು? ರೇಡಿಯೋ ಕೆಟ್ಟಿದೆ ಎಂದು ತಿಳಿದು, ನನ್ನ ಮಾನ ಉಳಿಸಲು ಭಾಷಣಕ್ಕೇ ಇಳಿದರು.

"ಇಂಥ ಸಾಧಕರು ನಮ್ಮ ಬೆಳಗಾವಿಯ ಹೆಮ್ಮೆ! ಹಗಲೂ ರಾತ್ರಿ ದುಡಿಯುವ ಈ ಮನುಷ್ಯನಿಗೆ ನಾವು ಏನು ಕೊಡಬೇಕು? ಹೇಳಿ, ಏನು ಕೊಡಬೇಕು?"

ಅಷ್ಟರಲ್ಲಿ ವಾಲ್ವ್ ಕಾಯ್ದಿತ್ತು. ಧಾರವಾಡ ಸ್ಟೇಷನ್ನಿನ ರೈತರ ಕಾರ್ಯಕ್ರಮದಿಂದ ಗಂಭೀರವಾದ ದನಿಯೊಂದು ಕೇಳಿಬಂತು:

"ಎರಡು ಹೊತ್ತು ಶೇಂಗಾ ಹಿಂಡಿ. ಜೊತೆಗೆ ಹಸಿ ಹುಲ್ಲು."

ಊರ ಮಳಿ

ಮುಂಬೈಯಲ್ಲಿ ನೌಕರಿ ಮುಗಿಸಿ ಊರಿಗೆ ಮರಳಿದ ಪರಿಚಯದವರೊಬ್ಬರು ತಮ್ಮ ಟಿ.ವಿ.ಯನ್ನು ನನಗೇ ಕೊಟ್ಟುಬಿಟ್ಟರು. ಆಗ ಬೆಳಗಾವಿಗೆ ಟಿ.ವಿ. ಬಂದಿರಲಿಲ್ಲ, ಟಿ.ವಿ. ಪೆಟ್ಟಿಗೆ ಮಾತ್ರ ಬಂದಿತ್ತು. ಹಚ್ಚಿದರೆ ಪರದೆಯ ತುಂಬ ಬಿಳಿ ಚುಕ್ಕಿ, ಸೊರ್ರೋ ಎಂಬ ಸದ್ದು. ಆದರೂ ನನಗೆ ಅದೊಂದು ಜಂಬ. ದಸರೆಗೆ ಖಾನಾಪುರದಿಂದ ಬಂದಿದ್ದ ನಮ್ಮ ಅತ್ತೆಯನ್ನು ಮುಂದೆ ಕೂರಿಸಿ ಹಚ್ಚಿದೆ.

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಏನ್ ಕಾಣಸ್ತೈತ್ರಿ ಅತ್ತಿ?"

"ಕಾಣೂದೇನ್ ಬಂತು? ನಮ್ಮೂರ ಮಳಿ!"

ಖಾನಾಪುರದ ಮಳೆ ನೋಡಿದವರು ಅವರನ್ನು ತಪ್ಪೆನ್ನಲಾರರು. ಹೊರಗೆ ಬೆಳಗಾವಿಯಲ್ಲಿ ಬಿಸಿಲು ಕಾಯುತ್ತಿತ್ತು. ಅತ್ತೆ ಊರಿಗೆ ಹೊರಡಲು ಕಟ್ಟಿದ್ದ ಗಂಟು ಬಿಚ್ಚಿ, ಇಂಥ ಮಳೆಯಲ್ಲಿ ಹೋಗುವುದು ಹೇಗೆ ಎಂದು ಉಳಿದುಬಿಟ್ಟರು. ದಿನಾ ಬೆಳಿಗ್ಗೆ ಚಹಾ ಕುಡಿದು ಟಿ.ವಿ. ಹಚ್ಚಿಸುವುದು, "ಇನ್ನೂ ನಿಂತಿಲ್ಲವಾ" ಎನ್ನುವುದು. ಕೊನೆಗೆ ಅವರ ಮಗನೇ ಕರೆದುಕೊಂಡು ಹೋಗಲು ಖಾನಾಪುರದಿಂದ ಬಂದ. ಮೈತುಂಬ ಕೆಂಪು ಧೂಳು.

"ಯವ್ವಾ, ಊರಾಗ ಒಂದ ಹನಿ ಮಳಿ ಇಲ್ಲ" ಎಂದ.

ಅತ್ತೆ ಟಿ.ವಿ. ಕಡೆ ನೋಡಿದರು, ಮಗನ ಕಡೆ ನೋಡಿದರು.

"ನೀ ಬಸ್ಸಿನಾಗ ಮಲಗಿರಬೇಕ ತಗೀ."

ಲೈಸನ್ಸ್ ಸಾಹೇಬರು

ದೀಪಾವಳಿ ಹತ್ತಿರ ಬಂತು. ಹೆಂಡತಿ ಲೆಕ್ಕ ಒಪ್ಪಿಸಿದಳು: "ಬಂದವರು ಒಬ್ಬ ರೋಗಿ, ನೀವ ಕರದು ತಂದ ಹೆಡ್‌ಮಾಸ್ತರು ಮತ್ತ ಓಣಿ ಮಂದಿ, ಆಮ್ಯಾಲ ನಮ್ಮವ್ವ. ಹಬ್ಬ ಮುಗೀತಿದ್ಹಂಗ ಗುಜರಿಯವ ಬರ್ತಾನ್ರಿ." ನಾನು ಊಟ ಬಿಟ್ಟು ಎದ್ದೆ. ಅಷ್ಟೂ ರೇಡಿಯೋಗಳನ್ನು ಒಂದೊಂದಾಗಿ ಮುಟ್ಟಿ ಬಂದೆ.

ಅಂದೇ ಮಧ್ಯಾಹ್ನ ಕೋಟು ಹಾಕಿದ ಗೃಹಸ್ಥರೊಬ್ಬರು ಬಾಗಿಲಲ್ಲಿ ನಿಂತು, ಬೋರ್ಡನ್ನು ಒಂದಕ್ಷರ ತಪ್ಪದೆ ಓದಿ, "ರೇಡಿಯೋ ನೋಡಾಕ ಬಂದೀನ್ರಿ" ಎಂದರು. ನಾನು ಕುಣಿಯುವುದೊಂದು ಬಾಕಿ. ಒಳಗೆ ಚಕ್ಕಲಿ ಒತ್ತುತ್ತಿದ್ದ ಹೆಂಡತಿಗೆ, "ಕೇಳಿದೇನ?" ಎಂದು ಕೂಗಿದೆ. ಅವರು ಒಳಗೆ ಬಂದು, ಎಲ್ಲವನ್ನೂ ಎಣಿಸಿ, ಚೀಲದಿಂದ ಪೆನ್ನು ತೆಗೆದರು.

"ನಾ ಲೈಸನ್ಸ್ ತಪಾಸ ಮಾಡಾವ್ರಿ. ಇಷ್ಟೂ ರೇಡಿಯೋದ ಲೈಸನ್ಸ್ ತೋರಸ್ರಿ."

ಆಗ ರೇಡಿಯೋ ಇಟ್ಟುಕೊಂಡವರು ಪೋಸ್ಟಾಫೀಸಿನಲ್ಲಿ ವರ್ಷವರ್ಷ ಲೈಸನ್ಸ್ ಮಾಡಿಸಬೇಕಿತ್ತು. ಇಲ್ಲದಿದ್ದರೆ ದಂಡ. ನನ್ನಲ್ಲಿ ಇದ್ದದ್ದು ಒಂದೇ ಲೈಸನ್ಸ್. ಹಾಡುವ ರೇಡಿಯೋಗಳೆಂದು ಒಪ್ಪಿಕೊಂಡರೆ ಮಾಸ್ತರಿಕೆಯ ಪಗಾರ ಯಾವ ಮೂಲೆಗೂ ಸಾಲದು. ಉಳಿಯಲು ಒಂದೇ ದಾರಿಯಿತ್ತು. ದನಿ ತಗ್ಗಿಸಿ, ಹೆತ್ತ ಮಕ್ಕಳನ್ನೇ ಯಾರವೋ ಎಂದಂತೆ ಸಂಕಟಪಟ್ಟು ಹೇಳಿದೆ:

"ಇವು ರೇಡಿಯೋ ಅಲ್ರಿ ಸಾಹೇಬ್ರ, ಬರೇ ಗುಜರಿ. ಒಂದೂ ಹಾಡಂಗಿಲ್ಲ."

ಸಾಹೇಬರು ಒಂದೆರಡನ್ನು ಬೆರಳಿನಿಂದ ಬಡಿದು ನೋಡಿದರು. "ಖರೇ ಐತಿ. ನೋಡಿದ್ರ ಗೊತ್ತಾಗ್ತೈತಿ. ಇಂಥಾ ಗುಜರಿ ಯಾಕ ಇಟ್ಟೀರಿ ಮಾಸ್ತರ, ಒಲಿಗೆ ಹಾಕ್ರಿ" ಎಂದು ಚೀಲ ಮುಚ್ಚಿ ಎದ್ದರು. ಬದುಕಿದೆಯಾ ಬಡಜೀವವೇ ಎಂದುಕೊಂಡೆ.

"ಯಾರ್ರೀ ಅದು, ಗುಜರಿ ಅಂದವರು?"

ಅಡಿಗೆಮನೆಯ ಬಾಗಿಲಲ್ಲಿ ನನ್ನಾಕೆ. ಕೈಗೆಲ್ಲ ಹಿಟ್ಟು.

"ನಮ್ಮ ಮನಿಯವರು ಊಟ ಬಿಟ್ಟು, ನಿದ್ದಿ ಬಿಟ್ಟು ಇವಕ್ಕ ಜೀವಾ ತುಂಬ್ಯಾರ. ಒಲಿಗೆ ಹಾಕಬೇಕಾ? ಕುಂದರ್ರಿ ಇಲ್ಲೆ, ಕೇಳ್ರಿ!"

ಒಂದೊಂದಾಗಿ ಎಲ್ಲದರ ಕಿವಿ ಹಿಂಡುತ್ತ ಹೊರಟಳು. ನಾನು ಕಣ್ಸನ್ನೆ ಮಾಡಿದೆ. "ಕಣ್ಣಾಗ ಏನ್ ಬಿತ್ತ್ರಿ ನಿಮಗ?" ಎಂದು ಗದರಿಸಿದಳು. ವಾಲ್ವ್‌ಗಳೇ, ಇವತ್ತೊಂದು ದಿನ ಕಾಯಬೇಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವು ಕಾಯ್ದವು. ಒಂದು ಮೂಲೆಯಲ್ಲಿ ಧಾರವಾಡ, ಇನ್ನೊಂದರಲ್ಲಿ ಸಾಂಗ್ಲಿ, ಕಿಟಕಿಯ ಬಳಿ ಪುಣೆ, ಅದರ ಬಾಜೂ ಪಣಜಿ, ನಡುವೆ ಸಿಲೋನಿನ ಹಾಡು. ಇಡೀ ಪಡಸಾಲೆ ಒಂದೇ ಸಲ ಬಾಯಿ ಬಿಟ್ಟಿತು. ಓಣಿಯವರು ಓಡಿ ಬಂದರು.

ನಾನು ನಡುಗಬೇಕಾಗಿತ್ತು. ಆದರೆ ಒಂದೂ ತಪ್ಪದೆ ಎಲ್ಲವೂ ಹಾಡಿದ್ದು ಕೇಳಿ ಎದೆ ಉಬ್ಬಿ, ಲೈಸನ್ಸಿನ ಮಾತೇ ಮರೆತುಹೋಯಿತು. "ಸಾಹೇಬ್ರ, ಆ ಮೂಲ್ಯಾಗಿಂದು ಕೇಳ್ರಿ! ಖಾನಾಪುರದ ಕಡೆ ಹಲಸಿಯಿಂದ ತಂದಾಗ ಅದರಾಗ ಇಲಿ ಮರಿ ಹಾಕಿತ್ತು. ಎಲ್ಲಾ ನಾನ ರಿಪೇರಿ ಮಾಡೀನಿ!" ಎಂದು ನಾನೇ ಸಾಕ್ಷಿ ನುಡಿದುಬಿಟ್ಟೆ.

ಸಾಹೇಬರು ಮತ್ತೆ ಕೂತರು. ಕೈಯನ್ನು ಕಿವಿಗೆ ಒತ್ತಿಕೊಂಡೇ ಎಲ್ಲದರ ಮೇಲೂ ಕಣ್ಣಾಡಿಸಿದರು. "ಇಂಥಾ ಮ್ಯೂಜಿಯಂ ನಾ ಎಲ್ಲೂ ನೋಡಿಲ್ರಿ" ಎಂದು ಕೂಗಿ ಹೇಳಿ, ಮತ್ತೆ ಪೆನ್ನು ತೆಗೆದರು. "ದಂಡ ಬಿಡಾಕ ಬರಂಗಿಲ್ಲ. ಲೈಸನ್ಸ್ ಯಾರ ಹೆಸರಿಗೆ ಬರೀಲಿ? ಇವುಗಳ ಮಾಲಕರು ಯಾರು?"

ಅಭಿಮಾನದಿಂದ ನಾನು ಬಾಯಿ ತೆರೆದೆ. ಹೆಂಡತಿ ಹಿಟ್ಟಿನ ಕೈಯಿಂದ ನನ್ನನ್ನು ಬಾಜೂ ಸರಿಸಿದಳು.

"ನನ್ನ ಹೆಸರು ಬರಕೊಳ್ರಿ ಸಾಹೇಬ್ರ. ಇವರು ಗುಜರಿ ಅಂದದ್ದು ಒಳಗಿಂದ ನಾನೂ ಕೇಳೀನಿ, ಎದುರಿಗೆ ನೀವೂ ಕೇಳೀರಿ."