ಹಳ್ಳಬೆನ್ನಿನ ಕುದುರೆಗೆ ಜೀನು ಹೊಲಿದದ್ದು

ಕುಶನ್ ಅಂಗಡಿ ಇಟ್ಟುಕೊಂಡವನಿಗೆ ಬೇಸರ ಅನ್ನುವುದು ಬರುವುದಿಲ್ಲ. ಜನ ಅದನ್ನು ಬರಲು ಬಿಡುವುದಿಲ್ಲ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ. ಲಾರಿ, ಬಸ್ಸು, ಆಟೊ, ಮೋಟಾರ್ ಸೈಕಲ್ಲುಗಳಿಗೆ ಸೀಟು ಹೊಲಿಯುವುದು ಕಸುಬು. ಆದರೆ ಗಾಣದ ಎತ್ತಿನ ಹೆಗಲಿಗೆ ಫೋಮ್ ಹಾಕಿಕೊಡು ಅಂತ ಬಂದವರಿದ್ದಾರೆ. ಒಬ್ಬರು ತಮ್ಮ ಮಾವನನ್ನೇ ಕರೆತಂದು, "ಇವ್ರಿಗೆ ಎಲ್ಲಿ ಕುಂತ್ರೂ ನೋಯ್ತದಂತೆ. ಕುರ್ಚಿ ಬ್ಯಾಡ, ಇವ್ರಿಗೇ ಒಂದು ಕುಶನ್ ಹೊಲಿದ್ಬುಡಿ" ಅಂದಿದ್ದಾರೆ. ಇಂಥವು ಆಗುತ್ತಲೇ ಇರುತ್ತವೆ. ಎಂಬತ್ತರ ದಶಕದ ಕೊನೆಯಲ್ಲಿ ಅಗರದ ಯಜಮಾನರೊಬ್ಬರು ಬಂದದ್ದು ಮಾತ್ರ ನನ್ನ ಹೊಲಿಗೆ ಮಿಷನ್ನಿಗೂ ನೆನಪಿರಬೇಕು.

ಯಾವ ಮಾಡಲ್?

ಯಜಮಾನರು ಗದ್ದೆ, ತೋಟ ಇದ್ದ ಭಾರಿ ಕುಳ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಮೆಲ್ಲಗಿನ ಮಾತು. ಅಂಗಡಿಯ ಬೋರ್ಡಿನ ಮುಂದೆ ನಿಂತು ಬಹಳ ಹೊತ್ತು ಓದಿದರು. "ಇಲ್ಲಿ ಎಲ್ಲಾ ತರಹದ ಸೀಟುಗಳನ್ನು ಹೊಲಿದುಕೊಡಲಾಗುವುದು" ಅಂತ ಅದರಲ್ಲಿ ಬರೆಸಿದ್ದೆ.

"ಎಲ್ಲಾ ತರದ್ದೂ ಅಂದ್ರೆ ಎಲ್ಲಾ ತರದ್ದೂವಾ ಮೇಸ್ತ್ರಿ?" ಅಂದರು.

"ಎಲ್ಲಾದೂ ಸಾ. ಗಾಡಿ ಎಲ್ಲಿ?"

"ಆಚೆ ನಿಲ್ಸಿವ್ನಿ."

"ಯಾವ ಮಾಡಲ್?"

ಯಜಮಾನರು ಯೋಚಿಸಿದರು. "ಆರು ವರ್ಷದ್ದು ಅಂತ ಏಳಿದ್ರು. ಬಾಯ್ ಬುಡ್ಸಿ ಅಲ್ಲು ನೋಡಿದ್ರೆ ಎಂಟು ಇರ್ಬೌದು."

ನಾನು ಟೇಪು ತಕೊಂಡು ಹೊರಗೆ ಬಂದೆ. ಕರೆಂಟು ಕಂಬಕ್ಕೆ ಕಂಬಳಿ ಹೊದ್ದ ಒಂದು ಕುದುರೆ ಕಟ್ಟಿತ್ತು. ಮೊಪೆಡ್ಡಿನಲ್ಲಿ ಕಾಲುವೆಗೆ ಬಿದ್ದ ಮೇಲೆ ಯಜಮಾನರು ಚಕ್ರ ಇರುವ ಯಾವುದನ್ನೂ ತಾವು ಓಡಿಸುವುದಿಲ್ಲ ಅಂತ ತೀರ್ಮಾನಿಸಿ, ಗದ್ದೆ ಕಡೆ ಓಡಾಡಲು ಈ ಕುದುರೆ ತಂದಿದ್ದರು. ಅದರ ಬೆನ್ನಿಗೆ ಸರಿಯಾಗಿ ಕೂರುವ ಒಂದು ಜೀನು ಬೇಕಿತ್ತು.

"ಇದಕ್ಕೆ ನಾನು ಯಾವತ್ತೂ ಹೊಲಿದಿಲ್ಲ ಸಾ" ಅಂದೆ.

"ಬೋರ್ಡ್‌ನಾಗೆ ಅಂಗೇನೂ ಬರ್ದಿಲ್ವಲ್ಲ" ಅಂದರು.

ನಾನೂ ತಿರುಗಿ ಬೋರ್ಡು ಓದಿದೆ. ಅಷ್ಟರಲ್ಲಿ ಕುದುರೆ, ನಾನು ಸಂಜೆಗೆ ಕೊಡಬೇಕೆಂದು ಕಂಬದ ಹತ್ತಿರ ಬಿಚ್ಚಿಟ್ಟಿದ್ದ ಸ್ಕೂಟರ್ ಸೀಟಿನೊಳಗಿನ ತೆಂಗಿನ ನಾರನ್ನು ಮುಕ್ಕಾಲು ಭಾಗ ತಿಂದು ಮುಗಿಸಿತ್ತು. ಹಿಂದಿನ ಸೀಟನ್ನು ಮಾತ್ರ ಮುಟ್ಟಿರಲಿಲ್ಲ. ಅದಕ್ಕೆ ನಾನು ಫೋಮ್ ಹಾಕಿದ್ದೆ.

ದಾರಿಯಲ್ಲಿ ಹಳ್ಳ

ಅಳತೆಗೆ ಅಗರಕ್ಕೆ ಹೋದೆ. ಕುದುರೆಯ ಮೇಲಿದ್ದ ಕಂಬಳಿ ತೆಗೆದಾಗ ಗೊತ್ತಾಯಿತು. ಹೆಗಲು ಎತ್ತರ, ಸೊಂಟ ಎತ್ತರ, ನಡುವೆ ಬೆನ್ನು ಬಾಣಲೆಯ ಹಾಗೆ ತಗ್ಗು. ಹೊಟ್ಟೆ ಮಾತ್ರ ಹಂಡೆ.

"ತರುವಾಗ ನೋಡಲಿಲ್ವಾ ಸಾ?"

"ಕಾಲ್ ನೋಡ್ದೆ, ಅಲ್ ನೋಡ್ದೆ. ಕೊಟ್ಟವ್ನು ಬೆನ್ ಮ್ಯಾಲೆ ಕಂಬಳಿ ಒದ್ಸಿದ್ದ" ಅಂದರು.

ಕುದುರೆ ಸಿಕ್ಕಿದ್ದು ಹೂಗ್ಯಂ ಕಡೆಯ ಒಬ್ಬನ ಹತ್ತಿರ. ಅವನ ಮಾತು ತಮಿಳು, ಇವರದು ಕನ್ನಡ. ಹಾಗಂತ ಅವನು ಮೋಸಗಾರನಲ್ಲ. ಕುದುರೆಯ ಹಗ್ಗ ಕೈಗೆ ಕೊಡುವಾಗ "ಮುದುಗು ಪಳ್ಳಂ, ಪಳ್ಳಂ" ಅಂತ ಎರಡೆರಡು ಸಲ ಎಚ್ಚರಿಸಿದನಂತೆ. ಬೆನ್ನು ತಗ್ಗು ಅಂತ ಅವನು ಹೇಳಿದ್ದು. ಪಳ್ಳಂ ಅಂದರೆ ಹಳ್ಳ ಅಂತ ಇವರಿಗೂ ಗೊತ್ತಿತ್ತು. ಆದರೆ ದಾರಿಯಲ್ಲಿ ಹಳ್ಳ ಇದೆ, ನೋಡಿಕೊಂಡು ಹೋಗಿ ಅಂತಿದ್ದಾನೆ ಅಂದುಕೊಂಡರು. ಕುದುರೆಯನ್ನು ಟೆಂಪೋಗೆ ಹತ್ತಿಸಿ, ಪ್ರತಿ ತಿರುವಿನಲ್ಲೂ ಡ್ರೈವರನಿಗೆ "ಮೆಲ್ಲಗೆ ಓಗಪ್ಪಾ, ಮುಂದ್ಕೆ ಹಳ್ಳ ಅದಂತೆ" ಅನ್ನುತ್ತಾ ಕೂತಿದ್ದರು.

"ಅನೂರು ದಾಟ್ದೋ, ಕೊಳ್ಳೇಗಾಲ ದಾಟ್ದೋ, ಹಳ್ಳ ಸಿಗ್ನೇ ಇಲ್ಲ. ಮನೇಗ್ ಬಂದು ಕಂಬಳಿ ತಗುದ್ರೆ, ಹಳ್ಳ ಇಲ್ಲೇ ಅದೆ" ಅಂದರು.

ಪಕ್ಕ ತಪ್ಪು

ಯಜಮಾನರ ಅಪ್ಪನ ಕಾಲದ ಒಂದು ಚರ್ಮದ ಜೀನು ಅಟ್ಟದ ಮೇಲಿತ್ತು. ಅದನ್ನು ಹಾಕಿ ನೋಡಿದ್ದರು. ಅದು ಹಿಂದೆ ಮುಂದೆ ಮಾತ್ರ ತಾಗಿ, ನಡುವೆ ಸೇತುವೆಯ ಹಾಗೆ ನಿಂತು, ತಾಗಿದ ಕಡೆ ಉಜ್ಜಿ ಗಾಯ ಮಾಡಿತ್ತು. ದನದ ಡಾಕ್ಟರು ಮುಲಾಮು ಕೊಟ್ಟು, "ಇದು ಮಾಗೋವರೆಗೂ ಏನೂ ಹಾಕ್ಬೇಡಿ. ಮತ್ತೆ ಅದೇ ಜಾಗ ಕಿತ್ತೋದ್ರೆ ಕುದುರೆ ಸವಾರಿ ಆಸೆ ಬಿಟ್ಬಿಡಿ" ಅಂದಿದ್ದರು. ಯಜಮಾನತಿಯವರದು ಇನ್ನೂ ಸ್ಪಷ್ಟ. "ಬಾಯಿಲ್ಲದ ಪ್ರಾಣಿಗೆ ಇನ್ನೊಂದ್ ಸಲ ಗಾಯ ಆದ್ರೆ ಕುದ್ರೆ ಹೂಗ್ಯಕ್ಕೆ ವಾಪಸ್ ಓಯ್ತದೆ. ಬೇಕಾದ್ರೆ ಜತೇಲಿ ನೀವೂ ಓಗಿ."

ಯಜಮಾನರಿಗೆ ಕುದುರೆಯ ಮೇಲೆ ಜೀವ. ಬೆಳಿಗ್ಗೆ ಕಾಫಿಗಿಂತ ಮುಂಚೆ ಅದರ ಮುಖ ನೋಡಬೇಕು. ಹಾಗಾಗಿ ನಾನು ಮೈಯೆಲ್ಲ ಕಣ್ಣಾಗಿ ಅಳತೆ ತಕೊಂಡೆ. ಗಾಯ ಮಾಗಿದ ಮೇಲೆ ಮೊದಲನೇ ಜೀನು ಒಯ್ದೆ. ಹೊಟ್ಟೆಪಟ್ಟಿ ಬಿಗಿದು ಬಕಲ್ ಹಾಕಿದೆ. ಒಂದು ಬೆರಳೂ ತೂರದ ಹಾಗೆ ಕೂತಿತು. ಯಜಮಾನರು ಜಗಲಿಯ ಮೇಲಿಂದ ಹತ್ತಿದರು.

ನಾನು ಬಿಗಿಯುವಾಗ ಆ ಕುದುರೆ ಉಸಿರು ಎಳೆದು ಹೊಟ್ಟೆ ಉಬ್ಬಿಸಿ ಹಿಡಿದಿತ್ತು. ಅದು ನನಗೆ ಗೊತ್ತಿರಲಿಲ್ಲ. ಯಜಮಾನರು ಕೂತ ಮೇಲೆ ಅದು ನಿಟ್ಟುಸಿರು ಬಿಟ್ಟಿತು. ಪಟ್ಟಿ ತೊಟ್ಟಿಲಿನ ಹಾಗೆ ಜೋತುಬಿತ್ತು. ಜೀನು ಮೆಲ್ಲಗೆ ಪಕ್ಕಕ್ಕೆ ಜಾರಿ ಹೊಟ್ಟೆಯ ಕೆಳಗೆ ಹೋಯಿತು. ಯಜಮಾನರು ಹಿಡಿದದ್ದು ಬಿಡುವವರಲ್ಲ, ಅವರೂ ಹೋದರು. ಕುದುರೆ ಅಲ್ಲಾಡಲಿಲ್ಲ, ಹುಲ್ಲು ಮೇಯುತ್ತಾ ನಿಂತಿತ್ತು.

ಒಳಗಿನಿಂದ ಬಂದ ಯಜಮಾನತಿಯವರು ಕುದುರೆ ನೋಡಿದರು, ನನ್ನ ನೋಡಿದರು. "ಎಲ್ಲಿ ಅವ್ರು?" ಅಂದರು.

ಕೆಳಗಿನಿಂದ ಶಾಂತವಾದ ದನಿ ಬಂತು. "ಅಳತೆ ಸರಿಯಾಗದೆ ಮೇಸ್ತ್ರಿ. ಒಟ್ಟೆಗೆ ಚೆಂದಾಗ್ ಕುಂತದೆ. ಪಕ್ಕ ಒಂದು ತಪ್ಪು."

ಅರ್ಧ ಟಿಕೆಟ್ಟು

ಟೇಪಿನಿಂದ ಆಗುವ ಕೆಲಸ ಅಲ್ಲ, ಅಚ್ಚು ತೆಗೆಯಬೇಕು ಅನ್ನಿಸಿತು. ಕುದುರೆಯ ಬೆನ್ನಿಗೆ ಹಳೇ ಸೀರೆ ಹಾಸಿ, ಮೈದಾ ಅಂಟಿನಲ್ಲಿ ನೆನೆಸಿದ ಪೇಪರನ್ನು ಪದರ ಪದರವಾಗಿ ಅಂಟಿಸಿ, ಬಿಸಿಲಿಗೆ ನಿಲ್ಲಿಸಿದೆ. ಒಣಗಿದ ಮೇಲೆ ಗಟ್ಟಿಯಾದ ಬೆನ್ನೊಂದು ಕೈಗೆ ಬಂತು. ಅದನ್ನು ತಬ್ಬಿಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದೆ.

"ಇದೇನ್ರಿ?" ಅಂದ ಕಂಡಕ್ಟರು.

"ಕುದುರೆ ಬೆನ್ನು."

"ಕುದುರೆ?"

"ಅಗರದಲ್ಲಿದೆ."

"ಬೆನ್ನು ಮಾತ್ರ ಬಂದದಾ?" ಅಂತ ಸ್ವಲ್ಪ ಯೋಚಿಸಿ ಅರ್ಧ ಟಿಕೆಟ್ಟು ಹರಿದ.

ಬಸ್ಸು ತುಂಬಿತ್ತು. ನಾನು ಟಿಕೆಟ್ಟನ್ನು ಜೇಬಿಗಿಟ್ಟು ತಿರುಗುವಷ್ಟರಲ್ಲಿ, ಕೆಳಗಿಟ್ಟಿದ್ದ ಅಚ್ಚಿನ ಮೇಲೆ ದಪ್ಪನೆಯ ಅಜ್ಜಿಯೊಬ್ಬಳು ಕೂತು ಎಲೆ ಅಡಿಕೆ ಚೀಲ ಬಿಚ್ಚಿದ್ದಳು. "ಅಜ್ಜಿ, ಏಳವ್ವ, ಅದು ಮುರಿದೋಯ್ತದೆ" ಅಂದೆ.

"ಮುರ್ಯಾಕಿಲ್ಲ ಕಣ್ ಮಗ, ಗಟ್ಟಿಯಾಗೇ ಅದೆ. ನಿನ್ನ ಮಣೆ ನಾನೇನು ತಿಂದ್ಬುಟ್ಟೇನಾ?" ಅಂದಳು. ಕೊಳ್ಳೇಗಾಲದವರೆಗೂ ಏಳಲಿಲ್ಲ.

ಇಳಿದು ನೋಡಿದೆ. ಮುರಿದಿರಲಿಲ್ಲ. ಹಾಗಾಗಿ ಅದರ ಮೇಲೇ ಜೀನು ಕಟ್ಟಿದೆ. ಈ ಸಲ ಕುದುರೆಯನ್ನು ಒಂದು ಸುತ್ತು ನಡೆಸಿ, ಅದು ಉಸಿರು ಬಿಟ್ಟ ಮೇಲೆ ಪಟ್ಟಿಯನ್ನು ಮತ್ತೊಮ್ಮೆ ಬಿಗಿಯುವಷ್ಟು ಬುದ್ಧಿ ನನಗೆ ಬಂದಿತ್ತು. ಆದರೂ ಜೀನು ಎಡಕ್ಕೆ ವಾಲಿತು. ಬೆನ್ನಿನ ಮೇಲೆ ಯಾವ ತಗ್ಗೂ ಇಲ್ಲದ ಕಡೆ ಜೀನಿನಡಿ ಎರಡು ದೊಡ್ಡ ಉಬ್ಬು.

ಯಜಮಾನರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಯಾರ್ ಅಳತೆ ಮೇಸ್ತ್ರಿ ಇದು?" ಅಂದರು.

ಆ ಅಜ್ಜಿ ಎಡಕ್ಕೆ ವಾಲಿ ಕೂತಿದ್ದಳು. ಇವತ್ತಿಗೂ ಅವಳು ಸಿಕ್ಕರೆ ಆ ಜೀನು ಅವಳಿಗೆ ಕರಾರುವಾಕ್ಕಾಗಿ ಹೊಂದುತ್ತದೆ.

ಬಂಡಳ್ಳಿಯ ಕುದುರೆ

ಈ ನಡುವೆ ಸುದ್ದಿ ಹಬ್ಬಿತು. ಬಂಡಳ್ಳಿಯಿಂದ ಒಬ್ಬ ಕಲಾವಿದ ನನ್ನ ಅಂಗಡಿಗೆ ಬಂದು, "ನಮ್ ಕುದ್ರೇದು ಒಂದು ಜೀನು ಅದೆ ಸಾ. ಮಕಮಲ್ಲು, ಜರಿ, ಕನ್ನಡಿ ಕೆಲ್ಸ. ಎಷ್ಟು ವರ್ಷ ಆಯ್ತು, ಕುದ್ರೇಗೆ ಒಂದ್ ಗಾಯ ಆಗಿಲ್ಲ" ಅಂದ. ನಾನೂ ಅವನೂ ಅಗರಕ್ಕೆ ಹೋದೆವು. ಗಂಟು ಬಿಚ್ಚಿದರೆ ಕಣ್ಣು ಕೋರೈಸುವ ಹಾಗಿತ್ತು. ಯಜಮಾನರು ಅದನ್ನು ಎತ್ತಿ ಹಿಡಿದರು. ನಟ್ಟನಡುವೆ ದೊಡ್ಡ ತೂತು. ಆ ತೂತಿನೊಳಗಿಂದ ಅವರ ಮುಖ ನನಗೆ ಪೂರ್ತಿ ಕಾಣುತ್ತಿತ್ತು.

"ಇಲ್ಲಿ ಕೂರೋದೆಂಗಪ್ಪ?" ಅಂದರು.

"ಕೂರಾಕಿಲ್ಲ ಸಾ, ಒಳೀಕ್ ಇಳೀಬೇಕು."

ಯಜಮಾನರಿಗೆ ಅನುಮಾನ ಬಂತು. "ನಿನ್ ಕುದ್ರೇಗೆ ಕಾಲೆಷ್ಟು?"

"ಎರಡು ಸಾ. ನನ್ನವೇ" ಅಂದ. ಮದುವೆ ಮೆರವಣಿಗೆಗಳಲ್ಲಿ ಸೊಂಟಕ್ಕೆ ಕೀಲುಕುದುರೆಯ ಗೊಂಬೆ ಕಟ್ಟಿಕೊಂಡು ಕುಣಿಯುವವನು ಅವನು.

ಯಳಂದೂರಿನ ಸವಾರಿ

ಕೊನೆಗೆ ನಾನು ಒಂದು ಬೆಳಿಗ್ಗೆ ಅಗರಕ್ಕೆ ಹೋಗಿ ಸುಮ್ಮನೆ ಕುದುರೆಯ ಪಕ್ಕ ಕೂತೆ. ಅದು ನಡೆಯುವುದನ್ನು, ಬಗ್ಗುವುದನ್ನು, ಬಾಲ ಬೀಸುವುದನ್ನು ನೋಡಿದೆ. ಬೆನ್ನುಮೂಳೆಗೆ ಏನೂ ತಾಗಬಾರದು. ಆಚೆಗೊಂದು ಈಚೆಗೊಂದು ಉದ್ದ ದಿಂಬು ಬೇಕು. ಎರಡು ತುದಿಯಲ್ಲಿ ತೆಳ್ಳಗೆ, ತಗ್ಗಿರುವ ಕಡೆ ದಪ್ಪಗೆ. ಬೂರುಗದ ಹತ್ತಿ ತುಂಬಿ, ಹಾಕಿ ನೋಡಿ, ಬಿಚ್ಚಿ, ಹತ್ತಿ ಕಿತ್ತು, ಮತ್ತೆ ತುಂಬಿದೆ. ಹೊದಿಕೆಗೆ ಹೊಸ ರೆಕ್ಸಿನ್ನು ತಡೆಯುವುದಿಲ್ಲ ಅಂತ, ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೇ ಪ್ರೈವೇಟ್ ಬಸ್ಸಿನ ಸೀಟಿನದು ತೆಗೆದೆ. ಆನೆ ಎಳೆದರೂ ಹರಿಯದ ಮಾಲು. ಧೂಳು, ಗ್ರೀಸು ಅಂಟಿ ಕರ್ರಗಾಗಿತ್ತು. ಅದರ ಮೇಲೇ ಬೂಟ್ ಪಾಲಿಶ್ ಹೊಡೆದು ಮಿಂಚಿಸಿದೆ.

ಜೀನು ಕುದುರೆಗೆ ಹುಟ್ಟುವಾಗಲೇ ಇತ್ತೇನೋ ಅನ್ನುವ ಹಾಗೆ ಕೂತಿತು. ಯಜಮಾನರು ಗದ್ದೆ ಬದುವಿನ ಮೇಲೆ ಒಂದು ವಾರ ಓಡಾಡಿದರು. ದಿನಾ ಸಂಜೆ ಯಜಮಾನತಿಯವರೇ ಜೀನು ಬಿಚ್ಚಿಸಿ, ಹಳೇ ಗಾಯದ ಜಾಗದಲ್ಲಿ ಅಂಗೈ ಇಟ್ಟು ನೋಡುತ್ತಿದ್ದರು. ಒಂದು ದಿನ ನನ್ನನ್ನು ಕರೆದು, "ಇಲ್ಲಿ ಮುಟ್ಟಿ ನೋಡಪ್ಪ" ಅಂದರು. ಅಲ್ಲಿ ಎಳೇ ಕೂದಲು ಮೂಡಿತ್ತು. ಯಜಮಾನರು ಕುದುರೆಯ ಕುತ್ತಿಗೆಗೆ ಹಣೆ ಆನಿಸಿ ನಿಂತಿದ್ದರು.

ಮಾರನೇ ದಿನವೇ ಯಳಂದೂರಿಗೆ ಸವಾರಿ ಅಂತ ಗೊತ್ತಾಯಿತು. ಜೀನು ಎಲ್ಲಾದರೂ ಜರುಗಿದರೆ ಅಂತ ನಾನು ಸೈಕಲ್ಲಿನಲ್ಲಿ ಹಿಂದೆ ಹೋದೆ. ಒಂದು ಕೂದಲೆಳೆ ಜರುಗಲಿಲ್ಲ. ಯಜಮಾನರು ಎದೆ ಸೆಟೆಸಿ ಕೂತಿದ್ದರು. ಬಿಸಿಲೇರಿತು, ನೊಣ ಮುತ್ತಿದವು, ಕುದುರೆ ಬಾಲವನ್ನು ಆ ಕಡೆ ಈ ಕಡೆ ಬೀಸುತ್ತಾ ನಡೆಯಿತು.

ಊರು ಹೊಕ್ಕಾಗ ಜನ ನಗತೊಡಗಿದರು. ಹೋಟೆಲ್ಲಿನಿಂದ ಎದ್ದು ಬಂದು ನೋಡಿದರು. ಯಜಮಾನರು ಎಲ್ಲರಿಗೂ ಕೈಯೆತ್ತಿ ನಮಸ್ಕಾರ ಮಾಡುತ್ತಾ ನನ್ನ ಕಡೆ ತಿರುಗಿ, "ನೋಡ್ದಾ ಮೇಸ್ತ್ರಿ, ಜನಕ್ಕೆ ಎಷ್ಟು ಸಂತೋಷ" ಅಂದರು. ಆಗ ನಾನೂ ನೋಡಿದೆ. ಇಡೀ ದಾರಿ ಆ ಬಾಲ ಜೀನಿನ ಹಿಂಭಾಗದ ಪಾಲಿಶನ್ನು ಉಜ್ಜಿ ಉಜ್ಜಿ ತೆಗೆದಿತ್ತು. ಪಾಲಿಶ್ ಹೋಗಿ, ಗ್ರೀಸು ಹೋಗಿ, ಒಳಗಿನಿಂದ ದೊಡ್ಡ ಬಿಳಿ ಅಕ್ಷರ ಎದ್ದಿದ್ದವು: "ಮಹಿಳೆಯರಿಗೆ".

ನಾನು ಜೋರಾಗಿ ಪೆಡಲ್ ತುಳಿದೆ. ನಾನು ಮುಟ್ಟುವ ಮೊದಲೇ ಕುದುರೆ ಬಸ್ ನಿಲ್ದಾಣದ ನೆರಳಿಗೆ ಹೋಗಿ ನಿಂತಿತು. ಅಲ್ಲಿ ಕಂಕುಳಲ್ಲಿ ಮಗು, ಕೈಯಲ್ಲಿ ಬ್ಯಾಗು ಹಿಡಿದ ಹೆಂಗಸೊಬ್ಬಳು ಬಸ್ಸಿಗೆ ಕಾದು ಕಾದು ಸುಸ್ತಾಗಿ ನಿಂತಿದ್ದಳು. ಜೀನಿನ ಹಿಂದಿನ ಅಕ್ಷರಗಳನ್ನು ಓದಿದಳು. ಮುಂದೆ ಬಂದು ಯಜಮಾನರ ಮೊಣಕಾಲು ತಟ್ಟಿದಳು.

"ಏಳಿ ಯಜಮಾನ್ರೇ, ಎಂಗಸ್ರ ಸೀಟ್ ಕಣ್ರಿ ಇದು."

ಯಜಮಾನರು ಜೀವಮಾನವೆಲ್ಲ ಸರ್ವೀಸ್ ಬಸ್ಸಿನಲ್ಲಿ ಮರ್ಯಾದೆಯಿಂದ ಓಡಾಡಿದವರು. ಹಿಂದೆ ಮುಂದೆ ಯೋಚಿಸದೆ ಕುದುರೆಯಿಂದ ಇಳಿದರು. ಟವೆಲ್ಲಿನಿಂದ ಜೀನು ಒರೆಸಿದರು.

"ಕೂತ್ಕಳವ್ವ, ಮಗ ಎತ್ಕಂಡಿದ್ದೀಯ" ಅಂದರು. "ನಾನು ನಿಂತ್ಕಂಡೇ ಬತ್ತೀನಿ."