ಹತ್ತೊಂಬತ್ತು ಪೌಂಡಿನ ಹೆಗಲು

ಗುರುವಾರ ಮಧ್ಯಾಹ್ನ ಆ ಮಾತು ಬಾಯಿಗೆ ಬಂದಾಗ ಸಿದ್ದರಾಜು ಇನ್ನೊಂದು ತುತ್ತು ಮೊಸರನ್ನ ನುಂಗಿ ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಆಫೀಸಿನ ಕ್ಯಾಂಟೀನಿನಲ್ಲಿ ಅವನ ಬಾಸ್ ರಸ್ಸೆಲ್ ತನ್ನೂರು ಟೆಕ್ಸಾಸಿನ ಕತೆ ತೆಗೆದಿದ್ದ. ಅವನ ತಾತ ದನದ ಹೆಗಲಿನ ಇಡೀ ತುಂಡಿಗೆ ಉಪ್ಪು ಮೆಣಸು ಸವರಿ, ಓಕ್ ಸೌದೆಯ ಹೊಗೆಯಲ್ಲಿ ಹನ್ನೆರಡು ಗಂಟೆ ಇಟ್ಟು ಬೇಯಿಸುತ್ತಿದ್ದನಂತೆ. ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಆ ರುಚಿಯ ವಾಸನೆ ಕೂಡ ಸಿಕ್ಕಿಲ್ಲವಂತೆ. ಸುತ್ತ ಕೂತವರೆಲ್ಲ ಪಾಪ ಎಂಬಂತೆ ತಲೆಯಾಡಿಸಿದರು. ಸಿದ್ದರಾಜು ಮಾತ್ರ, "ನಾನೂ ಮನೇಲಿ ಸ್ಮೋಕ್ ಮಾಡ್ತೀನಿ" ಅಂದುಬಿಟ್ಟ.

ಅದು ಸುಳ್ಳೇನೂ ಅಲ್ಲ. ಮೂರು ವಾರದ ಹಿಂದೆ ಸನ್ನಿವೇಲ್‌ನಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಮಾರಿದ, ಮಾಂಸವನ್ನು ಹೊಗೆಯಲ್ಲಿ ಬೇಯಿಸುವ, ಟಾರು ಡ್ರಮ್ಮಿನಂಥ ಸ್ಮೋಕರ್ ಒಂದನ್ನು ಅವನು ಹೊತ್ತು ತಂದಿದ್ದ. ಅದರೊಳಗೆ ಈವರೆಗೆ ಎರಡು ಕೋಳಿಗಳು ಹೋಗಿಬಂದಿದ್ದವು. ಮೊದಲನೆಯದು ಇದ್ದಿಲಾಗಿತ್ತು. ಎರಡನೆಯದನ್ನು ತಿನ್ನಬಹುದಾಗಿತ್ತು.

ರಸ್ಸೆಲ್ ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟ. "ಹಾಗಾದ್ರೆ ಭಾನುವಾರದ ಟೀಮ್ ಪಿಕ್ನಿಕ್‌ಗೆ ಬೀಫ್ ನಿಂದು! ಹದಿನೆಂಟು ಜನ ಇರ್ತೀವಿ."

ಆರು ವರ್ಷದಿಂದ ರಸ್ಸೆಲ್ ಅವನನ್ನು ಒಂದು ಮೀಟಿಂಗಿನಲ್ಲಿ ಸಿಡ್ ಎಂದೂ ಇನ್ನೊಂದರಲ್ಲಿ ಸ್ಯಾಮ್ ಎಂದೂ ಕರೆಯುತ್ತಿದ್ದ. ಅವತ್ತು ಸಂಜೆ ಕಾರಿಡಾರಿನಲ್ಲಿ ಎದುರಾದಾಗ ಪೂರ್ತಿ "ಸಿದ್ದರಾಜು!" ಅಂದ. ಸಿದ್ದರಾಜುವಿಗೆ ಕಾಲು ನೆಲಕ್ಕೆ ತಾಗಲಿಲ್ಲ.

ಸುದ್ದಿ ಕೇಳಿ ಹೆಂಡತಿ ರಂಜನಿ ಷರತ್ತು ಹಾಕಿದಳು. "ಏನಾದ್ರೂ ಮಾಡ್ಕೊಳ್ಳಿ, ನನ್ನ ಅಡುಗೆಮನೆ ಹೊಸಿಲು ದಾಟಬಾರ್ದು. ಗರಾಜಲ್ಲೇ ಇಟ್ಕೊಳ್ಳಿ. ಮತ್ತೆ ಪಕ್ಕದ್ಮನೆಯವ್ರಿಗೆ ಗೊತ್ತಾಗ್ಬಾರ್ದು, ಹೇಳಿದ್ದೀನಿ."

ಪಕ್ಕದ ಮನೆಯಲ್ಲಿದ್ದವರು ಗುರುಪ್ರಸಾದ ಮತ್ತು ವಸುಧಾ. ಗುರುಪ್ರಸಾದ ಕನ್ನಡ ಕೂಟದ ಅಧ್ಯಕ್ಷರು. ಬಿಸ್ಕತ್ತಿನ ಪೊಟ್ಟಣದ ಮೇಲಿನ ಸಣ್ಣಕ್ಷರವನ್ನೆಲ್ಲ ಓದಿ, ಮೊಟ್ಟೆ ಅಂತ ಕಂಡರೆ ಅಂಗಡಿಗೆ ವಾಪಸ್ ಕೊಟ್ಟು ಬರುವಷ್ಟು ಕಟ್ಟುನಿಟ್ಟು. ಸಿದ್ದರಾಜು ಅದೇ ಕೂಟದ ಊಟದ ಸಮಿತಿಯ ಮುಖ್ಯಸ್ಥ. ಅವನು ಕೋಳಿ ಕುರಿ ತಿನ್ನುವುದು ಎಲ್ಲರಿಗೂ ಗೊತ್ತಿತ್ತು, ಅದನ್ನು ಅವರು ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದರು. ಬೀಫೂ ಸೇರಿದೆ ಎಂದು ತಿಳಿದರೆ ಮುಂದಿನ ಹಬ್ಬದಲ್ಲಿ ಅವನು ಬಡಿಸಿದ ಪುಳಿಯೋಗರೆಯನ್ನು ಯಾರು ಮುಟ್ಟಿಯಾರು?

ಶನಿವಾರ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಸಿದ್ದರಾಜು ಸಗಟು ಅಂಗಡಿಯ ಮಾಂಸದ ಸಾಲಿನಲ್ಲಿ ನಿಂತಿದ್ದ. ವೀಡಿಯೊಗಳಲ್ಲಿ ಎಲ್ಲರೂ ಹೊಗಳುವ ಬ್ರಿಸ್ಕೆಟ್, ಅಂದರೆ ದನದ ಎದೆಯ ಭಾಗ, ಅಲ್ಲಿ ಪ್ಲಾಸ್ಟಿಕ್ ಹೊದ್ದು ಸಾಲಾಗಿ ಮಲಗಿತ್ತು. ಒಂದೊಂದನ್ನೇ ಎತ್ತಿ, ಕೂಸಿನ ಕುತ್ತಿಗೆ ನಿಂತಿದೆಯೋ ಎಂದು ನೋಡುವವನಂತೆ ಬಳುಕಿಸಿ ನೋಡಿದ. ಆಮೇಲೆ ಬೆಲೆಯ ಚೀಟಿ ನೋಡಿ ಮೆಲ್ಲಗೆ ಕೆಳಗಿಟ್ಟ. ಹದಿನೆಂಟು ಜನಕ್ಕೆ ಇದನ್ನು ಕೊಳ್ಳುವ ಬದಲು ರಂಜನಿಗೆ ಒಂದು ಜೊತೆ ಬಳೆ ಮಾಡಿಸಬಹುದಿತ್ತು.

ಕೌಂಟರಿನ ಹಿಂದಿದ್ದ ಮುದುಕನಿಗೆ ಕನಿಕರ ಬಂತು. "ಅಗ್ಗದ್ದು ಬೇಕಾದ್ರೆ ಹೆಗಲು ಕೇಳು. ಹೊಗೆಗೆ ಅದೇ ಚೆನ್ನ, ಈಗಿನವರಿಗೆ ಗೊತ್ತಿಲ್ಲ ಅಷ್ಟೆ. ನಮ್ಮಲ್ಲಿ ಬರಲ್ಲ. ಗಿಲ್‌ರಾಯ್‌ನಲ್ಲಿ ರಮೋನ್ ಅಂತ ಒಬ್ಬನ ಅಂಗಡಿ ಇದೆ, ಔಟ್‌ಲೆಟ್ ಮಳಿಗೆಗಳ ಎದುರು. ಶನಿವಾರ ತರ್ತಾನೆ. ಮಧ್ಯಾಹ್ನದೊಳಗೆ ಖಾಲಿ."

ಹೆಗಲು! ರಸ್ಸೆಲ್‌ನ ತಾತನ ಹೆಗಲು! ಬ್ರಿಸ್ಕೆಟ್ಟಿನ ಅರ್ಧ ಬೆಲೆಗೆ! ಸಿದ್ದರಾಜು ಖಾಲಿ ಗಾಡಿಯನ್ನು ಗರ್ರನೆ ತಿರುಗಿಸಿದ. ಅದು ಹೋಗಿ ಅಕ್ಕಿ ಮೂಟೆ ತುಂಬಿದ್ದ ಇನ್ನೊಂದು ಗಾಡಿಗೆ ಢೀ ಕೊಟ್ಟಿತು.

"ಏನ್ ಸಿದ್ದರಾಜು, ಈ ಕಡೆ?" ಮೂಟೆಯ ಹಿಂದಿನಿಂದ ಗುರುಪ್ರಸಾದರ ಮುಖ ಮೂಡಿತು.

"ಐಸ್‌ಕ್ರೀಮು ಹುಡುಕ್ತಿದ್ದೆ ಸರ್."

"ಮಾಂಸದ ಹತ್ರನಾ?"

"ತಣ್ಣಗಿತ್ತಲ್ಲ, ಇಲ್ಲೇ ಇರಬೇಕು ಅಂದ್ಕೊಂಡೆ. ಇರ್ಲಿ, ಬರ್ತೀನಿ ಸರ್. ಗಿಲ್‌ರಾಯ್‌ಗೆ ಹೋಗ್ಬೇಕು."

"ಗಿಲ್‌ರಾಯ್‌ಗೆ? ಏನಕ್ಕೆ?"

ಹೇಳಬಾರದಿತ್ತು ಎಂದು ಹೊಳೆಯುವಷ್ಟರಲ್ಲಿ ತಡವಾಗಿತ್ತು. "ಬೆಳ್ಳುಳ್ಳಿಗೆ ಸರ್."

"ಬೆಳ್ಳುಳ್ಳಿಗೆ ನಲವತ್ತು ಮೈಲಿ ಹೋಗ್ತೀರಾ?"

"ಕೂಟದ ಊಟಕ್ಕೆ. ಅಲ್ಲಿ ಬೆಳೆಯೋ ಜಾಗದಲ್ಲೇ ತಗೊಂಡ್ರೆ ಅಗ್ಗ."

ಗುರುಪ್ರಸಾದರ ಕಣ್ಣು ತುಂಬಿ ಬಂತು. "ಕೂಟಕ್ಕೋಸ್ಕರ ಇಷ್ಟು ಕಷ್ಟ ಪಡೋರು ಯಾರಿದ್ದಾರೆ ಹೇಳಿ? ನಾವು ಬೆಳ್ಳುಳ್ಳಿ ಮುಟ್ಟಲ್ಲ, ಆದ್ರೂ ನಿಮ್ಮನ್ನ ಒಬ್ರೇ ಕಳಿಸಲ್ಲ. ನಾವೂ ಬರ್ತೀವಿ. ವಸುಧಾಗೂ ಔಟ್‌ಲೆಟ್‌ನಲ್ಲಿ ಶೂಸು ತಗೋಬೇಕಿತ್ತು. ನಿಮ್ಮ ಕಾರಲ್ಲೇ ಹೋಗೋಣ!"

ಅಕ್ಕಿ ಮೂಟೆಗಳನ್ನು ಮನೆಗಿಳಿಸಿ, ವಸುಧಾ ತಯಾರಾಗಿ, ಅವಲಕ್ಕಿಯ ಡಬ್ಬಿ ಕಟ್ಟಿಕೊಂಡು ಹೊರಡುವಾಗ ಗಂಟೆ ಹತ್ತೂವರೆ. ಫ್ರೀವೇಯಲ್ಲಿ ಸಿದ್ದರಾಜು ಕಾರನ್ನು ಆಂಬುಲೆನ್ಸಿನಂತೆ ಓಡಿಸಿದ. ಮಾರ್ಗನ್ ಹಿಲ್ ದಾಟುವಾಗ ಗುರುಪ್ರಸಾದ ಬಾಗಿಲಿನ ಹಿಡಿ ಹಿಡಿದು, "ಬೆಳ್ಳುಳ್ಳಿ ಎಲ್ಲೂ ಓಡಿಹೋಗಲ್ಲ ಕಣ್ರೀ" ಅಂದರು. ಹನ್ನೊಂದೂಕಾಲಿಗೆ ಅವರಿಬ್ಬರನ್ನೂ ಔಟ್‌ಲೆಟ್ಟಿನ ಮುಂದೆ ಇಳಿಸಿ, "ನಿಧಾನವಾಗಿ ತಗೊಳ್ಳಿ, ಎರಡು ಗಂಟೆ ಬೇಕಾದ್ರೂ ಆಗ್ಲಿ, ನಾನು ಕಾಯ್ತೀನಿ" ಎಂದು ಹೇಳಿ, ದಾರಿಬದಿಯಲ್ಲಿ ಕೊಂಡ ಒಂದು ಚೀಲ ಬೆಳ್ಳುಳ್ಳಿಯನ್ನು ಡಿಕ್ಕಿಗೆ ಎಸೆದುಕೊಂಡು, ರಸ್ತೆ ದಾಟಿ ರಮೋನನ ಅಂಗಡಿಗೆ ನುಗ್ಗಿದ.

ಅಂಗಡಿಯ ಹೊರಗೋಡೆಯ ಮೇಲೆ ಒಂದು ಹೋರಿಯ ಚಿತ್ರವಿತ್ತು. ಆನೆಯ ಗಾತ್ರ. ಮೈಮೇಲೆಲ್ಲ ಗೆರೆ ಎಳೆದು, ಸರ್ವೆ ಇಲಾಖೆಯ ನಕ್ಷೆಯಂತೆ ಭಾಗ ಮಾಡಿದ್ದರು. ಒಳಗೆ ಗಾಜಿನ ಹಿಂದೆ ಎರಡೇ ಎರಡು ಹೆಗಲು ಉಳಿದಿದ್ದವು. ಸಾಲಿನಲ್ಲಿ ಅವನ ಮುಂದೆ ಇಬ್ಬರು.

ಮೊದಲಿನವನು ಒಂದನ್ನು ಹೊತ್ತು ನಡೆದ. ಎರಡನೆಯವಳು ಒಬ್ಬ ಅಜ್ಜಿ. ಅವಳ ಬೆರಳು ಗಾಜಿನ ಮೇಲೆ ಸಾಗುತ್ತ ಸಾಗುತ್ತ ಹೆಗಲಿನ ಮುಂದೆ ಬಂದು ನಿಂತಿತು. ಸಿದ್ದರಾಜುವಿನ ಉಸಿರೂ ನಿಂತಿತು. ಬೆರಳು ಅಲ್ಲೇ ಸ್ವಲ್ಪ ಯೋಚಿಸಿ, ಇನ್ನೊಂದು ಗೇಣು ಮುಂದೆ ಹೋಗಿ, ನಾಲಿಗೆಯ ಭಾಗವನ್ನು ತೋರಿಸಿತು. ಸಿದ್ದರಾಜುವಿಗೆ ಆ ಅಜ್ಜಿಯ ಕಾಲಿಗೆ ಬೀಳಬೇಕೆನಿಸಿತು.

ರಮೋನ್ ಕೊನೆಯ ಹೆಗಲನ್ನು ತಕ್ಕಡಿಯ ಮೇಲೆ ಧೊಪ್ಪೆಂದು ಹಾಕಿದ. ಹತ್ತೊಂಬತ್ತು ಪೌಂಡು! ನಡುನಡುವೆ ಮಲ್ಲಿಗೆ ಎಸಳಿನಂತೆ ಬಿಳಿ ಕೊಬ್ಬು. ಮೇಲಿನ ಪೊರೆ ಎಲ್ಲಿ ಬಿಡಿಸಬೇಕು, ಎಷ್ಟು ಬಿಸಿಯಲ್ಲಿ ಇಡಬೇಕು, ಕೊಬ್ಬು ಯಾವ ಕಡೆ ಇರಬೇಕು ಎಂದೆಲ್ಲ ರಮೋನ್ ಹೇಳಿದ್ದನ್ನು ಸಿದ್ದರಾಜು ಅಂಗೈ ಮೇಲೆ ಬರೆದುಕೊಂಡ. ದುಡ್ಡು ಕೊಟ್ಟು, ಕಾಗದದಲ್ಲಿ ಸುತ್ತಿದ ಹೆಗಲನ್ನು ಹೆಗಲ ಮೇಲೆ ಹಾಕಿಕೊಂಡು, ಹಾಡು ಗುನುಗುತ್ತ ಹೊರಗೆ ಬಂದ.

ಹೋರಿಯ ಚಿತ್ರದ ಕೆಳಗೆ ಗುರುಪ್ರಸಾದ ಮತ್ತು ವಸುಧಾ ನಿಂತಿದ್ದರು.

"ಶೂಸು ಸೈಜ್ ಸಿಗ್ಲಿಲ್ಲ" ಅಂದರು ಗುರುಪ್ರಸಾದ. "ನಿಮ್ಮ ಕಾರು ಕಾಣಿಸ್ತು, ಬಂದ್ವಿ. ಇಲ್ಲೂ ಬೆಳ್ಳುಳ್ಳಿ ಮಾರ್ತಾರಾ?"

ಅಷ್ಟರಲ್ಲಿ ಕಾಗದದ ಮೂಲೆಯಿಂದ ಒಂದು ಕೆಂಪು ಹನಿ ಸಿದ್ದರಾಜುವಿನ ಬಿಳಿ ಶರ್ಟಿನ ಮೇಲೆ ಬಿತ್ತು. ಮೂವರೂ ಅದನ್ನೇ ನೋಡಿದರು.

ತಪ್ಪಿಸಿಕೊಳ್ಳಲು ಒಂದೇ ದಾರಿ ಕಂಡಿತು, ಮತ್ತು ಸಿದ್ದರಾಜು ಹಿಂದೆಮುಂದೆ ನೋಡದೆ ಅದರಲ್ಲಿ ಇಳಿದ.

"ನನಗಲ್ಲ ಸರ್!" ಅಂದ. "ಆಫೀಸ್ ಪಿಕ್ನಿಕ್‌ಗೆ. ಬಾಸು ಹೇಳಿದ್ದಾರೆ. ನಾನೇ ತರಬೇಕಂತೆ, ನಾನೇ ಬೇಯಿಸ್ಬೇಕಂತೆ. ಬೇಡ ಅಂದ್ರೆ ಕೆಲ್ಸಕ್ಕೇ ಏನಾಗುತ್ತೋ. ಎರಡು ದಿನದಿಂದ ನನಗೆ ಅನ್ನ ಸೇರಿಲ್ಲ."

ಗುರುಪ್ರಸಾದ ಬೆರಗಾಗಿ ಅವನನ್ನೇ ನೋಡಿದರು. ಅಸಹ್ಯ ಪಡುತ್ತಾರೆಂದು ಅವನು ಹೆದರಿದ್ದ. ಅವರು ಮುಂದೆ ಬಂದು, ಪೊಟ್ಟಣ ತಾಗದಂತೆ ಎಚ್ಚರದಿಂದ, ಅವನ ಇನ್ನೊಂದು ಭುಜ ತಟ್ಟಿದರು. "ಅಯ್ಯೋ ಪಾಪ! ನಮ್ಮ ಹತ್ರ ಹೇಳ್ಕೊಳ್ಳೋದಲ್ವಾ? ಇದನ್ನೆಲ್ಲ ಒಬ್ರೇ ನುಂಗ್ಕೊಂಡಿದ್ರಾ?"

"ಇನ್ನೂ ನುಂಗಿಲ್ಲ ಸರ್" ಅಂದ ಸಿದ್ದರಾಜು.

ವಸುಧಾ ಕೈಚೀಲದಿಂದ ಫೋನು ತೆಗೆದಳು. ಅವಳು ಸಿದ್ದರಾಜುವಿನ ಕಂಪನಿಯಲ್ಲೇ, ಸಿಬ್ಬಂದಿಯ ದೂರುಗಳನ್ನು ನೋಡಿಕೊಳ್ಳುವ ಎಚ್‌ಆರ್ ವಿಭಾಗದಲ್ಲಿ ಇದ್ದಳು. ಅದು ಅವನಿಗೆ ಈ ಕ್ಷಣದವರೆಗೆ ನೆನಪಾಗಿರಲಿಲ್ಲ.

"ಯಾರು? ರಸ್ಸೆಲ್ಲಾ?" ಅಂದಳು.

"ಬಿಡಿ ಮೇಡಂ, ದೊಡ್ಡದು ಮಾಡೋದು ಬೇಡ. ಒಳ್ಳೆ ಮನುಷ್ಯ. ಒಂದು ದಿನದ ಮಟ್ಟಿಗೆ..."

"ನೀವು ಸುಮ್ನಿರಿ ಸಿದ್ದರಾಜು. ನಿಮ್ಮಂಥೋರು ಸಹಿಸ್ಕೊಳ್ಳೋದ್ರಿಂದ್ಲೇ ಹೀಗಾಗೋದು."

"ಕಂಪ್ಲೇಂಟ್ ಮಾತ್ರ ಬೇಡ ಮೇಡಂ. ಕೈಮುಗೀತೀನಿ."

"ಸರಿ, ಕಂಪ್ಲೇಂಟ್ ಮಾಡಲ್ಲ" ಎಂದು ಅವಳು ಮಾತು ಕೊಟ್ಟಳು.

ಸಿದ್ದರಾಜು ದೊಡ್ಡದಾಗಿ ಉಸಿರು ಬಿಟ್ಟ. ಬದುಕಿದೆ! ಹೆಗಲೂ ಉಳಿಯಿತು, ಮಾನವೂ ಉಳಿಯಿತು. ಮನೆಗೆ ಬರುವಾಗ ಗುರುಪ್ರಸಾದರೇ ಕಾರು ಓಡಿಸಿದರು, ಕಿಟಕಿಗಳನ್ನೆಲ್ಲ ಪೂರ್ತಿ ಇಳಿಸಿ. ವಸುಧಾ ಮನೆ ಬರುವವರೆಗೂ ಫೋನಿನಲ್ಲಿ ಏನೋ ಟೈಪ್ ಮಾಡುತ್ತಿದ್ದಳು. ಸಿದ್ದರಾಜು ಹಿಂದಿನ ಸೀಟಿನಲ್ಲಿ ಅವಲಕ್ಕಿ ತಿನ್ನುತ್ತ, ಓಕ್ ಸೌದೆ ಸಾಕೋ ಇನ್ನೊಂದು ಕಟ್ಟು ಬೇಕೋ ಎಂದು ಲೆಕ್ಕ ಹಾಕುತ್ತಿದ್ದ.

ಸಂಜೆ ನಾಲ್ಕಕ್ಕೆ ಅವನು ಗರಾಜಿನಲ್ಲಿ, ಕೆಲಸದ ಮೇಜಿನ ಮೇಲೆ ಹೆಗಲನ್ನು ಮಲಗಿಸಿಕೊಂಡಿದ್ದ. ಚೂಪು ಚಾಕುವಿನಿಂದ ಪೊರೆ ಬಿಡಿಸಿದ. ಕುಟ್ಟಿದ ಕಾಳುಮೆಣಸು, ದಪ್ಪ ಉಪ್ಪು. ಎಣ್ಣೆಸ್ನಾನ ಮಾಡಿಸುವಷ್ಟು ಪ್ರೀತಿಯಿಂದ ಸವರಿದ, ಮಗ್ಗುಲು ತಿರುಗಿಸಿ ಮತ್ತೆ ಸವರಿದ. ಬೆಳಗಿನ ಜಾವಕ್ಕೆ ಬೆಂಕಿ ಹಾಕಿದರೆ ಸಂಜೆ ಪಿಕ್ನಿಕ್ಕಿಗೆ ಸರಿಹೋಗುತ್ತದೆ. ರಸ್ಸೆಲ್ ಮೊದಲ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದ್ದು ಅವನಿಗೆ ಈಗಲೇ ಕಾಣುತ್ತಿತ್ತು.

ರಂಜನಿ ಬಾಗಿಲ ಸಂದಿಯಿಂದ ಇಣುಕಿದಳು. "ನನ್ನ ತಲೆಗೂ ಒಂದಿನ ಹೀಗೆ ಎಣ್ಣೆ ಹಚ್ಚಿದ್ರೆ ಎಷ್ಟು ಚೆನ್ನಾಗಿತ್ತು" ಅಂದಳು. ಆಮೇಲೆ ರಸ್ತೆಯ ಕಡೆ ನೋಡಿ, "ರೀ, ಯಾರೋ ದೊಡ್ಡ ಟ್ರಕ್ಕು ನಿಲ್ಲಿಸ್ತಿದ್ದಾರೆ."

ಟ್ರಕ್ಕಿನಿಂದ ಇಳಿದವನು ರಸ್ಸೆಲ್. ಟೋಪಿಯನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದಿದ್ದ, ಸಾವಿನ ಮನೆಗೆ ಬಂದವನಂತೆ. ಹಿಂದೆಯೇ ಗುರುಪ್ರಸಾದ ಮತ್ತು ವಸುಧಾ ಬಂದರು.

"ವಸುಧಾ ಎಲ್ಲ ಹೇಳಿದರು" ಅಂದ ರಸ್ಸೆಲ್. "ನನ್ನನ್ನ ಕ್ಷಮಿಸು. ನೀನು ಹಿಂದೂ, ನಿಮಗೆ ಹಸು ಪವಿತ್ರ. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಆರು ವರ್ಷದಲ್ಲಿ ನಿನ್ನ ಹೆಸರು ಕಲಿಯೋದಕ್ಕೇ ನನಗೆ ಆಗಿರಲಿಲ್ಲ."

"ನೋ ನೋ, ರಸ್ಸೆಲ್, ಐ ಲೈಕ್..." ಎಂದು ಸಿದ್ದರಾಜು ಬಾಯಿ ತೆರೆದ. ವಸುಧಾಳ ಹಿಂದೆ ಗುರುಪ್ರಸಾದ ಅಕ್ಕರೆಯಿಂದ ಅವನನ್ನೇ ನೋಡುತ್ತಿದ್ದರು. ನಿಜ ಹೇಳಿದರೆ ಕೂಟ ಹೋಯಿತು, ಬಾಸನ್ನು ಸುಮ್ಮನೆ ಎಚ್‌ಆರ್‌ಗೆ ಸಿಕ್ಕಿಸಿದ ಸುಳ್ಳುಗಾರ ಎಂದು ಕೆಲಸವೂ ಹೋಯಿತು. "ಐ ಲೈಕ್ ಪಿಕ್ನಿಕ್" ಎಂದು ಮುಗಿಸಿದ.

"ನೋಡಿದ್ರಾ? ಈಗ್ಲೂ ಬಾಸ್ ಮನಸ್ಸು ನೋಯಬಾರ್ದು ಅಂತ" ಎಂದು ಗುರುಪ್ರಸಾದ ಹೆಂಡತಿಗೆ ಪಿಸುಗುಟ್ಟಿದರು.

ರಸ್ಸೆಲ್‌ನ ಕಣ್ಣು ಮೇಜಿನ ಮೇಲೆ ಬಿತ್ತು. ಅವನು ಎರಡು ಹೆಜ್ಜೆ ಮುಂದೆ ಬಂದ. ಬಗ್ಗಿ ಮೂಸಿದ. "ಹೆಗಲು! ಉಪ್ಪು, ಮೆಣಸು, ಬೇರೇನೂ ಇಲ್ಲ! ಎಲ್ಲಿ ಸಿಕ್ಕಿತು ಇದು? ನಮ್ಮ ತಾತ ಹೋದ ಮೇಲೆ ಇಂಥದ್ದು ನೋಡೇ ಇಲ್ಲ." "ನನಗೋಸ್ಕರ ನಿನ್ನ ಕೈಯಾರೆ ಇದನ್ನ ಮುಟ್ಟಿದೆಯಲ್ಲ!"

"ಇನ್ನು ಒಂದು ನಿಮಿಷವೂ ಇದು ನಿನ್ನ ಮನೇಲಿ ಇರಬಾರದು" ಎಂದು ಅವನೇ ತೀರ್ಮಾನಿಸಿದ. ಹತ್ತೊಂಬತ್ತು ಪೌಂಡನ್ನೂ ಮಗುವನ್ನು ಎತ್ತುವಂತೆ ಎತ್ತಿಕೊಂಡು, ಟ್ರಕ್ಕಿನಲ್ಲಿದ್ದ ಐಸ್ ಪೆಟ್ಟಿಗೆಯಲ್ಲಿ ಮಲಗಿಸಿದ. "ಇದರ ಜವಾಬ್ದಾರಿ ನನ್ನದು. ನಾಳೆ ಬೆಳಗ್ಗೆ, ಹೆಗಲು ಸಿಗದೆ ಮೂಲೆ ಸೇರಿದ್ದ ನನ್ನ ಸ್ಮೋಕರ್‌ನಲ್ಲಿ ಇಡ್ತೀನಿ, ಮನೆಯವರೆಲ್ಲ ತಿಂತೀವಿ. ಪಿಕ್ನಿಕ್ ಪೂರ್ತಿ ಸಸ್ಯಾಹಾರ, ನಿನ್ನ ಗೌರವಕ್ಕೆ!"

ಆಮೇಲೆ ಟ್ರಕ್ಕಿನಿಂದ ಒಂದು ಪೆಟ್ಟಿಗೆ ಇಳಿಸಿ ಖಾಲಿಯಾದ ಮೇಜಿನ ಮೇಲೆ ಇಟ್ಟ. ತುಂಬ ಹೂಕೋಸು. ಹದಿನೆಂಟು.

"ಇದನ್ನೂ ಸ್ಮೋಕ್ ಮಾಡಬಹುದಂತೆ" ಅಂದ.

ವಸುಧಾಗೆ ಸಂತೋಷ ತಡೆಯಲಾಗಲಿಲ್ಲ. "ಕಂಪ್ಲೇಂಟ್ ಮಾಡ್ಲಿಲ್ಲ ನೋಡಿ, ಮಾತು ಉಳಿಸ್ಕೊಂಡೆ. ನಿಮ್ಮ ಫೈಲಲ್ಲಿ ಒಂದು ನೋಟ್ ಮಾತ್ರ ಹಾಕ್ಸಿದ್ದೀನಿ. ಇನ್ಮೇಲೆ ಕಂಪನೀಲಿ ಯಾವ ಪಾರ್ಟಿ ಇದ್ರೂ ನಿಮ್ಮ ತಟ್ಟೆ ಹತ್ರ ಯಾರೂ ಮಾಂಸ ತರೋ ಹಾಗಿಲ್ಲ. ಕೋಳೀನೂ ಸೇರಿ. ನೀವು ತಿಂತೀರಿ ಅಂತ ಗೊತ್ತು, ಆದ್ರೆ ಫಾರಂನಲ್ಲಿ ಮಾಂಸ ಅಂತ ಒಂದೇ ಕಾಲಂ ಇತ್ತು."

"ತುಂಬಾ ಉಪಕಾರ ಆಯ್ತು ಮೇಡಂ" ಅಂದ ಸಿದ್ದರಾಜು. ರಂಜನಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ಅಳುತ್ತಿದ್ದಾಳೆ ಎಂದುಕೊಂಡು ವಸುಧಾ ಸಮಾಧಾನ ಮಾಡಲು ಹಿಂದೆಯೇ ಹೋದಳು.

ಟ್ರಕ್ಕು ಹೊರಟಿತು. ಸಿದ್ದರಾಜು ಇದ್ದಕ್ಕಿದ್ದಂತೆ ಅದರ ಹಿಂದೆ ಓಡತೊಡಗಿದ. ತಿರುವಿನಲ್ಲಿ ರಸ್ಸೆಲ್ ನಿಲ್ಲಿಸಿ ಗಾಜು ಇಳಿಸಿದ. ಏದುಸಿರು ಬಿಡುತ್ತ ಸಿದ್ದರಾಜು ಕಿಟಕಿಯೊಳಗೆ ತಲೆ ತೂರಿಸಿ, ಅಂಗೈ ನೋಡಿಕೊಂಡು, ಮೆಲ್ಲಗೆ ಏನೋ ಹೇಳಿದ. ರಸ್ಸೆಲ್ ಗೊಂದಲದಿಂದ ತಲೆಯಾಡಿಸಿ ಹೊರಟುಹೋದ.

ಹಿಂದೆಯೇ ಓಡಿಬಂದ ಗುರುಪ್ರಸಾದ ಕೇಳಿದರು, "ಏನಂದ್ರಿ?"

"ಹುಷಾರಾಗಿ ಹೋಗಿ ಅಂದೆ ಸರ್."

ಅವನು ಹೇಳಿದ್ದು, ಕೊಬ್ಬಿನ ಕಡೆ ಕೆಳಗಿರಲಿ, ಮೊದಲ ಆರು ಗಂಟೆ ಕಾಲ ಮುಚ್ಚಳ ತೆಗೆಯಬೇಡ ಎಂದು.